ನಿಂಬರ್ಗಾ ಬಯಲಿನ ನಲವತ್ತು ಬುಟ್ಟಿ

ಹೀರಾಬಾಯಿ: ಮುಂಜಾನಿಂದ ಕಸ ಕಸ ಅಂತ ಒಂದೇ ಸವನ ಬಡಕೊಳ್ಳಾಕತ್ತೀರಿ. ಯಾವ ಕಸ ಅಂತ ಹೇಳ್ರಿ ಮೊದಲ.

ಜಹೀರುದ್ದೀನ: ಕಸ ಅಂದ್ರ ಕಸ ವೈನಿ! ಅದರಾಗ ಯಾವುದು ಅಂತ ಏನಿರತದ?

ಹೀರಾಬಾಯಿ: ಹೆಸರು ಗೊತ್ತಿಲ್ಲದ್ದಕ್ಕ ನಲವತ್ತು ಬುಟ್ಟಿ ಎಲ್ಲಿಂದ ತರೂದು?

ಜಹೀರುದ್ದೀನ: ಶಾಂತಲಿಂಗಾ, ನೀನಾರ ಹೇಳೋ ಮಾರಾಯಾ. ಊರ ಪಾಟೀಲ ಇದ್ದಿ.

ಶಾಂತಲಿಂಗಪ್ಪ: ಇದ್ದೇನಿ. ಈ ಕಟ್ಟಿ ಇಳದ ಮ್ಯಾಲ.

ನಿಂಬರ್ಗಾದ ಮಾಲಿಪಾಟೀಲ ಶಾಂತಲಿಂಗಪ್ಪನ ಮನೆಯ ಕಟ್ಟೆಯ ಮೇಲೆ ಈ ಜಗಳ ಶುರುವಾಗಿ ಎರಡು ಸುತ್ತು ಚಹಾ ಮುಗಿದಿತ್ತು. ಜಹೀರುದ್ದೀನ ಆಳಂದ ತಹಸೀಲಿನ ಗಿರದಾವರ. ಊರೂರು ತಿರುಗಿ ಹೊಲ, ಬೆಳೆ, ದನಕರು ತಪಾಸಣೆ ಮಾಡುವ ನೌಕರಿ. ಅವನೂ ಶಾಂತಲಿಂಗಪ್ಪನೂ ಒಂದೇ ಸಾಲೆಯಲ್ಲಿ ಒಂದೇ ಮಾಸ್ತರರ ಕೈಯಲ್ಲಿ ಪೆಟ್ಟು ತಿಂದವರು. ಹೀರಾಬಾಯಿ ಶಾಂತಲಿಂಗಪ್ಪನ ಹೆಂಡತಿ. ಆಕೆ ಯಾರ ಕೈಯಲ್ಲೂ ಪೆಟ್ಟು ತಿಂದವಳಲ್ಲ ಎಂಬುದು ಆಕೆ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತಿತ್ತು.

ಯುದ್ಧದ ಕಾಲ, ೧೯೪೪ರ ಜನವರಿ. ನಾಡಿದ್ದು ಊರ ಹೊರಗಿನ ಬಯಲಿನಲ್ಲಿ ಸರಕಾರದ ವತಿಯಿಂದ ದನಗಳ ನುಮಾಯಿಶ್, ಎಂದರೆ ಪ್ರದರ್ಶನ. ಸುತ್ತಲಿನ ಹಳ್ಳಿಗಳಿಂದ ಇನ್ನೂರು ಎತ್ತು, ಹೋರಿ, ಎಮ್ಮೆ ಬರಬೇಕು. ಜಿಲ್ಲೆಗೇ ದೊಡ್ಡವರಾದ ತಾಲೂಕದಾರ ಸಾಹೇಬರು ಬಂದು ಒಳ್ಳೆಯ ದನಕ್ಕೆ ಬಹುಮಾನ ಕೊಡಬೇಕು. ಸಾಹೇಬರು ಬರುವ ಮೊದಲೇ ಅವರ ಹುಕುಂ ಬಂದಿತ್ತು. ಜಹೀರುದ್ದೀನ ಅದನ್ನು ಶೇರವಾನಿಯ ಜೇಬಿನಿಂದ ಐದನೆಯ ಸಲ ತೆಗೆದ.

ಜಹೀರುದ್ದೀನ: ಕೇಳ್ರಿ. ಬಯಲಿನಾಗ ಪ್ರತಿ ಇಪ್ಪತ್ತು ಹೆಜ್ಜಿಗಿ ಒಂದರಂಗ ನಲವತ್ತು ಕಸದ ಬುಟ್ಟಿ ಇಡಸಬೇಕು. ಸಾಹೇಬ್ರು ಖುದ್ದ ಬಗ್ಗಿ ನೋಡ್ತಾರ. ಬುಟ್ಟಿ ಖಾಲಿ ಕಂಡ್ರ ಕಸ ಎತ್ತೂ ಇಂತಜಾಮ ಆಗಿಲ್ಲ ಅಂತ ತಿಳೀತಾರ.

ಶಾಂತಲಿಂಗಪ್ಪ: ತುಂಬಿರಬೇಕಾ? ಬುಟ್ಟಿ ಇಟ್ರ ಸಾಲದೇನು?

ಜಹೀರುದ್ದೀನ: ಸಾಲಂಗಿಲ್ಲ. ಹೋದ ವರ್ಷ ಬ್ಯಾರೆ ಕಡಿ ನುಮಾಯಿಶಿನಾಗ ಏನಾತು ಗೊತ್ತದನು? ಸಾಹೇಬ್ರು ಕುರ್ಚಿ ಮ್ಯಾಲ ಕುಂತ್ರು. ಕುರ್ಚಿ ಮ್ಯಾಲ ಯಾರೋ ಉಂಡ ಎಲಿ ಇತ್ತು. ಬೆಲ್ಲದ ಪಾಕ ಹತ್ತಿದ ಎಲಿ. ಅದು ಶೇರವಾನಿ ಹಿಂದ ಅಂಟಕೊಂತು.

ಹೀರಾಬಾಯಿ: ಯಾರೂ ಹೇಳಲಿಲ್ಲೇನು?

ಜಹೀರುದ್ದೀನ: ಯಾರಿಗಿ ಧೈರ್ಯ ವೈನಿ? ಇಡೀ ದಿನ ಸಾಹೇಬ್ರು ಮುಂದ, ಎಲಿ ಹಿಂದ, ಎಲಿ ಹಿಂದ ನಾವೆಲ್ಲಾ. ಮನಿಗಿ ಹೋದ ಮ್ಯಾಲ ಬೇಗಂ ಸಾಹೇಬ್ರು ಬಿಡಿಸಿದ್ರಂತ. ಮರುದಿನ ಆ ಇಂತಜಾಮ ಮಾಡಿದ ಗಿರದಾವರ ಸೀದಾ ಆದಿಲಾಬಾದಕ್ಕ ವರ್ಗಾ.

ಹೇಳುತ್ತ ಹೇಳುತ್ತ ಜಹೀರುದ್ದೀನ ಹುಕುಮನ್ನು ಮಡಚಿದ, ಮತ್ತೆ ಬಿಚ್ಚಿದ. ಆದಿಲಾಬಾದ ಎಲ್ಲಿ, ಆಳಂದ ಎಲ್ಲಿ! ನಿಜಾಮರ ರಾಜ್ಯದ ಈ ತುದಿಗೆ ಇದು, ಆ ತುದಿಗೆ ಅದು. ಅಲ್ಲಿಯ ಮಾತು ಅವನಿಗೆ ಬಾರದು, ಅಲ್ಲಿಯ ಕಾಡು ಅವನಿಗೆ ಆಗದು. ಅದೆಲ್ಲ ಹೇಗಾದರೂ ಸಹಿಸಬಹುದಿತ್ತು. ಮನೆಯಲ್ಲಿ ತಾಯಿ ಖಾಸೀಂಬಿ ಇದ್ದಳು, ಎಂಬತ್ತು ದಾಟಿದ ಜೀವ. ‘ನೀ ಎಲ್ಲಿಗಿ ಬೇಕಾದ್ರೂ ಹೋಗಪಾ, ನಾ ಆಳಂದ ಬಿಟ್ಟು ಒಂದು ಹೆಜ್ಜಿ ಇಡಂಗಿಲ್ಲ’ ಎಂದು ಆಕೆ ಹೇಳಿ ಮುಗಿಸಿದ್ದಳು. ಇವನು ರಾತ್ರಿ ಊಟಕ್ಕೆ ತಾಯಿಯ ಮುಂದೆ ಕೂರದಿದ್ದರೆ ತುತ್ತು ಇಳಿಯದ ಮಗ. ವರ್ಗದ ಮಾತು ನೆನೆದರೆ ನಲವತ್ತೈದರ ಗಂಡಸಿನ ಕಣ್ಣು ನಿಜವಾಗಿಯೂ ತುಂಬುತ್ತಿತ್ತು.

ಜಹೀರುದ್ದೀನ: ಅದಕ್ಕ ಕೈ ಮುಗೀತೇನಿ ವೈನಿ. ಹೆಸರು ಬೇಕಂದ್ರಿ, ಹೇಳ್ತೇನಿ ತಗೋರಿ. ಕಬ್ಬಿನ ಸಿಪ್ಪಿ.

ಹೀರಾಬಾಯಿ: ಅದು ಎಮ್ಮೀದು.

ಜಹೀರುದ್ದೀನ: ಉಂಡ ಎಲಿ.

ಹೀರಾಬಾಯಿ: ಅದು ಆಕಳದ್ದು.

ಜಹೀರುದ್ದೀನ: ಶೇಂಗಾ ಬುಡ್ಡಿ ಸಿಪ್ಪಿ.

ಹೀರಾಬಾಯಿ: ಒಲಿಗಿ ಬೇಕು. ನೀವು ಕುಡದ ಚಹಾ ಎದರ ಮ್ಯಾಲ ಕುದ್ದದ ಅಂತ ಮಾಡೀರಿ?

ಜಹೀರುದ್ದೀನ: ಬೂದಿ!

ಹೀರಾಬಾಯಿ: ಭಾಂಡಿ ಏನು ನಿಮ್ಮ ಹುಕುಮಿಂದ ತಿಕ್ಕಲಿ?

ಜಹೀರುದ್ದೀನ: ಸಗಣಿ, ವೈನಿ, ಸಗಣಿ! ಇನ್ನೂರು ದನ ಬರತಾವ. ಸಗಣಿಯಾರ ಕಸ ಹೌದೋ ಇಲ್ಲೋ?

ಹೀರಾಬಾಯಿ: ಮೆಲ್ಲಕ ಹೇಳ್ರಿ ಆ ಮಾತು! ಹೊರಗ ಕೇಳಿಸಿದ್ರ ಹೆಂಗಸರು ನಿಮ್ಮ ಟೊಪಗಿ ಹಾರಸ್ತಾರ. ಎಡಕಿನ ಸಾಲಿನ ಸಗಣಿ ಹಣಮವ್ವಗ, ಬಲಕಿನ ಸಾಲಿಂದು ರೇವಮ್ಮಗ ಅಂತ ಸೋಮವಾರನೇ ಮಾತಾಗ್ಯದ. ನಡುವಿನ ಸಾಲಿಗಿ ಇನ್ನೂ ಜಗಳ ನಡದದ.

ಜಹೀರುದ್ದೀನ: ಹಂಗಾದ್ರ ಈ ಊರಾಗ ಕಸ ಅನ್ನೂದೇ ಇಲ್ಲೇನು?

ಹೀರಾಬಾಯಿ: ನಿನ್ನಿತನಕ ಇದ್ದಿದ್ದಿಲ್ಲ. ಇವತ್ತ ನಿಮ್ಮ ಕೈಯಾಗಿನ ಕಾಗದ ಬಂದದ ನೋಡ್ರಿ.

ಶಾಂತಲಿಂಗಪ್ಪನಿಗೆ ನಗು ಬಂದು ಚಹಾ ಮೂಗಿಗೇರಿತು. ಗೆಳೆಯ ಕೆಮ್ಮಿ ಕೆಮ್ಮಿ ಸುಧಾರಿಸಿಕೊಳ್ಳುವವರೆಗೆ ಜಹೀರುದ್ದೀನ ಅವನನ್ನು ದುರುಗುಟ್ಟಿ ನೋಡುತ್ತ ಕೂತ. ಅಷ್ಟರಲ್ಲಿ ಬುರುಡರ ಖಂಡಪ್ಪ ಬಂದ. ಬಿದಿರು ಸೀಳಿ ಬುಟ್ಟಿ, ಮೊರ ನೇಯುವ ಕೆಲಸ ಅವನದು. ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ವಿಷಯ ಕೇಳಿದ.

ಖಂಡಪ್ಪ: ನಲವತ್ತು ಬುಟ್ಟಿ ಆಗ್ಲಿರಿ. ಏನು ಹಾಕೂ ಬುಟ್ಟಿ?

ಜಹೀರುದ್ದೀನ: ಯಾ ಅಲ್ಲಾ! ನೀನೂ ಅದನ್ನೇ ಕೇಳತಿ?

ಖಂಡಪ್ಪ: ಕೇಳಬೇಕಲ್ರಿ. ರೊಟ್ಟಿ ಬುಟ್ಟಿಗಿ ಗಾಳಿ ಆಡಬೇಕು. ಜ್ವಾಳದ ಬುಟ್ಟಿಗಿ ಗಾಳಿ ಹೊಗಬಾರದು. ಸಗಣಿ ಹೆಡಿಗಿಗಿ ಅಂಚು ದಪ್ಪ ಬೇಕು. ಬೀಗರ ಮನಿಗಿ ಕಳಸೂ ಬುಟ್ಟಿಗಿ ನಡುವಿನಾಗ ಬಣ್ಣದ ಪಟ್ಟಿ ಬೇಕು. ನಿಮ್ಮ ಕಸಕ್ಕ ಏನೇನು ಬೇಕು?

ಜಹೀರುದ್ದೀನ: ಏನೂ ಬ್ಯಾಡ.

ಖಂಡಪ್ಪ: ಏನೂ ಬ್ಯಾಡಂದ ಬುಟ್ಟಿ ನಮ್ಮ ಮುತ್ಯಾನೂ ನೇದಿಲ್ಲರಿ.

ಶಾಂತಲಿಂಗಪ್ಪ: ತಯಾರ ಇದ್ದದ್ದು ಏನದನೋ ನಿನ್ನ ಕಡಿ?

ಖಂಡಪ್ಪ: ರಾಶಿ ಬಂತಲ್ರಿ, ಜ್ವಾಳದ ಬುಟ್ಟಿ ನಲವತ್ತೆರಡು ಮುಗಿಸಿ ಇಟ್ಟೇನಿ.

ಜಹೀರುದ್ದೀನ: ಅವನ್ನೇ ತಾರೋ! ಎರಡು ನಿನಗಿರಲಿ.

ಖಂಡಪ್ಪ: ಜ್ವಾಳದ ಬುಟ್ಟ್ಯಾಗ ಕಸಾ? ನನ್ನ ಕೈ ಸೇದಿ ಹೋಗ್ತದರಿ.

ಜಹೀರುದ್ದೀನ: ನೀ ಹಾಕಬ್ಯಾಡ. ಸರಕಾರ ಹಾಕತದ.

ಸರಕಾರದ ಕೈ ಸೇದಿಹೋದರೆ ತನಗೇನೂ ತೊಂದರೆಯಿಲ್ಲ ಎಂದು ಖಂಡಪ್ಪ ಒಪ್ಪಿದ. ಸಂಜೆಯೊಳಗೆ ನಲವತ್ತು ಬುಟ್ಟಿ ಪಾಟೀಲರ ಅಂಗಳಕ್ಕೆ ಬಂದು ಬಿದ್ದವು. ಜಹೀರುದ್ದೀನ ಒಂದೊಂದನ್ನೇ ಎತ್ತಿ, ತಟ್ಟಿ, ಎಣಿಸಿ, ಜೀವ ಬಂದವನ ಹಾಗೆ ಉಸಿರು ಬಿಟ್ಟ. ಆಗಲೇ ಹೀರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಒಂದು ಕೈಯಲ್ಲಿ ಸಗಣಿಯ ಬೋಗುಣಿ, ಇನ್ನೊಂದು ಕೈಯಲ್ಲಿ ನೆನೆಸಿ ರುಬ್ಬಿದ ಮೆಂತ್ಯ.

ಜಹೀರುದ್ದೀನ: ಇದೇನ್ರಿ ವೈನಿ?

ಹೀರಾಬಾಯಿ: ಹಸಿ ಬುಟ್ಟಿ ಹಂಗೇ ಬಯಲಾಗ ಇಡತೀರೇನು? ಸಂದಿ ಮುಚ್ಚಬ್ಯಾಡೇನು? ಪಾಟೀಲರ ಮನೀ ಬುಟ್ಟಿ ಸಾರಿಸಿದ್ದೇ ಇದ್ದಿದ್ದಿಲ್ಲ ಅಂತ ಭೂಸನೂರತನಕ ಹೆಸರು ಕೆಡಸ್ತಾರ.

ಜಹೀರುದ್ದೀನ: ಕಸಕ್ಕ ಯಾರಾರ ಮೆಂತ್ಯ ಹಚ್ಚತಾರಾ?

ಹೀರಾಬಾಯಿ: ಕಸಕ್ಕ ಹಚ್ಚಾಕತ್ತಿಲ್ಲರಿ. ಬುಟ್ಟಿಗಿ ಹಚ್ಚಾಕತ್ತೇನಿ. ದಾರಿ ಬಿಡ್ರಿ.

ಸಗಣಿ ಬಳಿದು, ಮೇಲೆ ಮೆಂತ್ಯದ ಅಂಟು ಸವರಿ, ಮರುದಿನದ ಬಿಸಿಲಿಗೆ ಒಣಗಿಸಿದಾಗ ನಲವತ್ತು ಬುಟ್ಟಿಗಳು ಮನೆಮನೆಯ ಕಾಳಿನ ಬುಟ್ಟಿಗಳ ಹಾಗೆಯೇ ಘಮಘಮ ಎನ್ನುತ್ತಿದ್ದವು. ಎಷ್ಟು ಚೆಂದ ಕಾಣುತ್ತವೆ ಎಂದು ಮೆಚ್ಚಿಕೊಂಡವನು ಜಹೀರುದ್ದೀನನೇ. ಅಂಥ ಬುಟ್ಟಿ ಕಂಡರೆ ಈ ಸೀಮೆಯ ಜನ ಏನು ಮಾಡುತ್ತಾರೆ ಎಂಬುದು ಹತ್ತೊಂಬತ್ತು ವರ್ಷ ಊರೂರು ತಿರುಗಿದ ಮನುಷ್ಯನಿಗೆ ಹೊಳೆಯಲೇ ಇಲ್ಲ.

ನುಮಾಯಿಶಿನ ದಿನ ಹೊತ್ತು ಏರುವಷ್ಟರಲ್ಲಿ ಬಯಲು ತುಂಬಿತು. ದನಗಳಿಗೆ ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ. ಪರಊರಿನವರಿಗೆಲ್ಲ ಮಧ್ಯಾಹ್ನ ಪಾಟೀಲರ ಕಡೆಯಿಂದ ದಾಸೋಹ. ದಾಸೋಹವೆಂದ ಮೇಲೆ ಬರಿಗೈಯಲ್ಲಿ ಬರುವ ರೂಢಿ ಇಲ್ಲಿ ಯಾರಿಗೂ ಇಲ್ಲ. ಬಡವರಾದರೂ ಒಂದು ಬೊಗಸೆ ಕಾಳು ಉಡಿಯಲ್ಲಿ ಕಟ್ಟಿಕೊಂಡೇ ಬರುತ್ತಾರೆ. ಮಟಕಿ ಎಂಬ ಊರಿನ ಮುದುಕಿ ನಿಂಬೆವ್ವ ಮೊದಲ ಬುಟ್ಟಿಯ ಮುಂದೆ ನಿಂತಳು. ಸಾರಿಸಿದ ಹೊಸ ಬುಟ್ಟಿ, ದಾರಿಯ ಪಕ್ಕದಲ್ಲಿ, ಖಾಲಿ. ಉಡಿ ಬಿಚ್ಚಿ ಸೇರು ಜೋಳ ಸುರಿದು ಕೈ ಮುಗಿದಳು. ಆಕೆಯ ಹಿಂದಿದ್ದವರು ಎರಡನೆಯ ಬುಟ್ಟಿಗೆ ಸುರಿದರು.

ಜಹೀರುದ್ದೀನ ಓಡಿಬಂದಾಗ ಎಂಟು ಬುಟ್ಟಿ ಆಗಿಹೋಗಿದ್ದವು.

ಜಹೀರುದ್ದೀನ: ಅಮ್ಮಾ! ಅಮ್ಮಾ! ಇದೇನು ಮಾಡಿದ್ರಿ? ಇದು ಕಸ ಅದ!

ನಿಂಬೆವ್ವ: ಯಾವುದು ಕಸ?

ಜಹೀರುದ್ದೀನ: ಇದೇ, ಇದರಾಗಿಂದು!

ನಿಂಬೆವ್ವ: ನನ್ನ ಜ್ವಾಳ ಕಸಾ? ಲೇ ತಮ್ಮಾ, ಬಾಯಾಗ ಹಲ್ಲಿದ್ರ ನಾಕು ಕಾಳು ಕಡದು ನೋಡು. ಮುತ್ತು ಅವು, ಮುತ್ತು! ಏ ಮಟಕಿ ಮಂದೀ, ಬರ್ರೋ ಇಲ್ಲಿ. ಈ ಗಿರದಾವರ ನಮ್ಮೂರ ಜ್ವಾಳಕ್ಕ ಕಸ ಅಂತಾನ!

ಜಹೀರುದ್ದೀನ: ಜ್ವಾಳಕ್ಕಲ್ಲ ಅಮ್ಮಾ, ಬುಟ್ಟಿಗಿ!

ನಿಂಬೆವ್ವ: ಬುಟ್ಟಿ ಸಾರಿಸಿದಾಕಿ ಕೇಳಿದ್ರ ನಿನಗೂ ಸಾರಸ್ತಾಳ!

ಮಟಕಿಯವರು ಬಂದರು. ಊರ ಮರ್ಯಾದೆಯ ಪ್ರಶ್ನೆ. ಬಂಡಿಯಲ್ಲಿದ್ದ ಚೀಲ ಬಿಚ್ಚಿ ತಮ್ಮ ಜೋಳ ಎಂಥದ್ದೆಂದು ತೋರಿಸಲು ನಾಲ್ಕು ಬುಟ್ಟಿ ತುಂಬಿಸಿದರು. ಅದನ್ನು ಕಂಡ ಭೂಸನೂರದವರು ತಾವೇನು ಕಡಿಮೆ ಎಂದು ಬೆಲ್ಲದ ಹೆಂಟೆ ತಂದಿಟ್ಟರು. ನಿಂಬರ್ಗಾದವರು ತೊಗರಿ ತಂದರು. ಯಾರೋ ಒಬ್ಬರು ಕಡಕ್ ರೊಟ್ಟಿಯ ಅಡಕಲು, ಇನ್ನೊಬ್ಬರು ಕೆಂಪು ಮೆಣಸಿನಕಾಯಿ. ಗಿರದಾವರ ಒಂದು ಬುಟ್ಟಿಯ ಮುಂದೆ ಕೈ ಅಡ್ಡ ಹಿಡಿದರೆ ಜನ ಪಾಪ, ಅವನ ಕೈಯಲ್ಲೂ ಒಂದಿಷ್ಟು ಕಾಳು ಹಾಕಿ ಮುಂದೆ ಹೋದರು.

ಜಹೀರುದ್ದೀನ ಜನ ಬಿಟ್ಟು ನೆಲ ನೋಡಿದ. ಕಸವಾದರೂ ನೆಲದ ಮೇಲೆ ಬಿದ್ದಿರಬೇಕಲ್ಲ, ಆಯ್ದು ಒಂದೊಂದು ಬುಟ್ಟಿಗೆ ಮೇಲಿಷ್ಟು ಹಾಕಿದರೆ ಸಾಹೇಬರ ಕಣ್ಣಿಗೆ ಅದೇ ಕಾಣುತ್ತದೆ. ನೆಲ ಗುಡಿಸಿಟ್ಟ ಹಾಗಿತ್ತು. ದೂರದಲ್ಲಿ ಒಂದು ಕಬ್ಬಿನ ಸಿಪ್ಪೆ ಕಂಡಿತು. ಇವನು ಬಗ್ಗಿ ಕೈ ಚಾಚುವುದಕ್ಕೂ ಎಮ್ಮೆಯೊಂದು ನಾಲಿಗೆ ಚಾಚುವುದಕ್ಕೂ ಸರಿಹೋಯಿತು. ಎಮ್ಮೆ ಗೆದ್ದಿತು.

ಕಬ್ಬು ತಿನ್ನುತ್ತಿದ್ದ ಒಬ್ಬ ರೈತನ ಮುಂದೆ ಹೋಗಿ ನಿಂತು ಕೈ ಒಡ್ಡಿದ.

ಜಹೀರುದ್ದೀನ: ಒಂದು ಸಿಪ್ಪಿ ಕೊಡಪಾ.

ರೈತ: ಸಿಪ್ಪಿ ಯಾಕ್ರಿ ಸಾಹೇಬ್ರ, ಕಬ್ಬೇ ತಿನ್ರಿ.

ಜಹೀರುದ್ದೀನ: ಕಬ್ಬು ಬ್ಯಾಡೋ, ಸಿಪ್ಪಿ!

ರೈತ: ಸಂಕೋಚ ಮಾಡಬ್ಯಾಡ್ರಿ. ಹಸಿವಿಗಿ ದೊಡ್ಡವರು ಸಣ್ಣವರು ಅಂತ ಇರತದೇನು? ಲೇ, ಸಾಹೇಬ್ರಿಗಿ ಇನ್ನೆರಡು ಗಣಿಕಿ ಮುರಕೊಡೋ.

ಗಿರದಾವರರಿಗೆ ಹಸಿವಾಗಿದೆ ಎಂಬ ಸುದ್ದಿ ಬಯಲಿನ ಆ ತುದಿಗೆ ಅವನಿಗಿಂತ ಮೊದಲೇ ಮುಟ್ಟಿತು. ಶೇಂಗಾ ಸಿಪ್ಪೆ ಕೇಳಿದಲ್ಲಿ ಶೇಂಗಾ ಸಿಕ್ಕಿತು. ಉಂಡ ಎಲೆ ಕೇಳಿದಲ್ಲಿ, ಅಯ್ಯೋ ಉಂಡ ಎಲೆ ಯಾಕೆ ಎಂದು, ಹೊಸ ಎಲೆಯ ಮೇಲೆ ಹುಗ್ಗಿ ಬಡಿಸಿ ಕೊಟ್ಟರು. ಕಂಕುಳಲ್ಲಿ ಕಬ್ಬು, ಜೇಬಿನಲ್ಲಿ ಶೇಂಗಾ, ಅಂಗೈ ಮೇಲೆ ಹುಗ್ಗಿ ಹೊತ್ತು ಅವನು ಅಡುಗೆಯ ಚಪ್ಪರದ ಹತ್ತಿರ ಬಂದಾಗ ಅಳು ಬರುವುದೊಂದು ಬಾಕಿ.

ಹೀರಾಬಾಯಿ: ಮುಂಜಾನಿ ನಾಷ್ಟಾ ಮಾಡಿ ಬಂದಿದ್ದಿಲ್ಲೇನ್ರಿ? ಊರ ತುಂಬ ಬೇಡಾಕತ್ತೀರಂತ?

ಜಹೀರುದ್ದೀನ: ವೈನಿ, ನನ್ನ ಮನಿ ಮುಳಗ್ತು! ಒಂದು ಹಿಡಿ ಕಸ ಕೊಡ್ರಿ. ನಿಮ್ಮ ಒಲಿ ಮುಂದಿಂದು, ಮೂಲ್ಯಾಗಿಂದು, ಎಲ್ಲಿಂದಾರ!

ಹೀರಾಬಾಯಿ: ನನ್ನ ಅಡಗಿಮನ್ಯಾಗ ಕಸ ಅದ ಅಂತೀರೇನು?

ಜಹೀರುದ್ದೀನ: ಇಲ್ಲ ಇಲ್ಲ! ಇಲ್ಲ ವೈನಿ!

ಶಾಂತಲಿಂಗಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಓಡಿಬಂದ. ಅವನ ಮುಖವೂ ಸುಣ್ಣ ಬಳಿದ ಹಾಗಾಗಿತ್ತು.

ಶಾಂತಲಿಂಗಪ್ಪ: ಜಹೀರ, ಸಾಹೇಬ್ರ ಮೋಟಾರ ಬಂತು! ಬುಟ್ಟ್ಯಾಗಿನ ಜ್ವಾಳ ತಗಸೋ ಮೊದಲ!

ಜಹೀರುದ್ದೀನ: ನಿನಗ್ಯಾಕ ಅಷ್ಟು ಅವಸರ? ವರ್ಗಾ ಆಗಾಂವ ನಾನು.

ಶಾಂತಲಿಂಗಪ್ಪ: ಲೆವಿ ಕಾಳು ಕೊಡೂದು ಆಗಂಗಿಲ್ಲ, ಊರಾಗ ತಿನ್ನಾಕೂ ಜ್ವಾಳ ಸಾಲದು ಅಂತ ಹೋದ ವಾರ ಅರ್ಜಿ ಬರದು ಕೊಟ್ಟೇನಲ್ಲೋ! ಈಗ ಸಾಹೇಬ್ರು ಬಂದು ಕಸದ ಬುಟ್ಟಿ ನೋಡಿದ್ರ? ಈ ಊರಾಗ ಜ್ವಾಳ ಕಸಕ್ಕ ಹಾಕತಾರ ಅಂತ ತಿಳದು ಎರಡು ಪಟ್ಟು ಲೆವಿ ಹಾಕತಾರ!

ಯುದ್ಧಕ್ಕೆಂದು ಸರಕಾರ ರೈತರಿಂದ ಕಡ್ಡಾಯವಾಗಿ ಕಾಳು ಎತ್ತುತ್ತಿದ್ದ ಕಾಲವದು. ಜಹೀರುದ್ದೀನ ಲೆಕ್ಕ ಹಾಕಿದ. ಇವು ಕಸದ ಬುಟ್ಟಿ ಎಂದರೆ ಊರು ಹಾಳು, ಗೆಳೆಯ ಹಾಳು. ಇವು ಕಸದ ಬುಟ್ಟಿ ಅಲ್ಲ ಎಂದರೆ ಆದಿಲಾಬಾದ. ಮೂರನೆಯ ಮಾತು ಅವನ ತಲೆಯಲ್ಲಿ ಹುಟ್ಟುವ ಮೊದಲೇ ಸಾಹೇಬರು ಮೊದಲನೆಯ ಬುಟ್ಟಿಯ ಮುಂದೆ ನಿಂತಿದ್ದರು. ಹೈದರಾಬಾದಿನವರು, ನಾಲ್ಕು ವರ್ಷದಲ್ಲಿ ಕನ್ನಡ ಕಲಿತಿದ್ದರು. ಕುರ್ಚಿ ತಂದವನನ್ನು ದೂರ ಸರಿಸಿ, ನಿಂತೇ ಇರುತ್ತೇನೆ ಎಂದರು.

ಸಾಹೇಬ: ಗಿರದಾವರ, ಇದು ಏನು?

ಜಹೀರುದ್ದೀನ: ಬುಟ್ಟಿ, ಹುಜೂರ್.

ಸಾಹೇಬ: ಬುಟ್ಟಿ ಅಂತ ನನಗೂ ಕಾಣ್ತದ. ಕಸದ ಬುಟ್ಟಿನಾ?

ಶಾಂತಲಿಂಗಪ್ಪ ಹಿಂದಿನಿಂದ ಚಿವುಟಿದ.

ಜಹೀರುದ್ದೀನ: ಅಲ್ಲ ಹುಜೂರ್.

ಸಾಹೇಬ: ಹಂಗಾದ್ರ ಕಸದ ಬುಟ್ಟಿ ಇಟ್ಟಿಲ್ಲ?

ಜಹೀರುದ್ದೀನ: ಇಟ್ಟೇನಿ ಹುಜೂರ್!

ಸಾಹೇಬ: ಎಲ್ಲಿ?

ಜಹೀರುದ್ದೀನ: ಇಲ್ಲೇ, ಹುಜೂರ್.

ಸಾಹೇಬ: ಇಲ್ಲೇ ಅಂದ್ರ ಇದೇನಾ?

ಇನ್ನೊಂದು ಚಿವುಟು. ಈ ಸಲ ಉಗುರು ಸಮೇತ.

ಜಹೀರುದ್ದೀನ: ಅಲ್ಲ ಹುಜೂರ್! ಆದ್ರ ಹೌದು ಹುಜೂರ್!

ಸಾಹೇಬರ ಹುಬ್ಬು ಮೇಲಕ್ಕೇರಿದ್ದು ಇಳಿಯಲಿಲ್ಲ. ಜಹೀರುದ್ದೀನನ ಕಣ್ಣ ಮುಂದೆ ತಾಯಿ ಒಬ್ಬಳೇ ಊಟಕ್ಕೆ ಕೂತದ್ದು ಕಂಡಿತು. ಆಗ ಬಂಡಿಯ ಮರೆಯಿಂದ ಒಂದು ದನಿ ಬಂತು. ತಲೆ ತುಂಬ ಸೆರಗು ಹೊದ್ದು ಹೀರಾಬಾಯಿ ನಿಂತಿದ್ದಳು.

ಹೀರಾಬಾಯಿ: ಸಾಹೇಬ್ರ, ಅವು ಊಟಕ್ಕ ಬಂದವರು ಕೈಲಾದಷ್ಟು ತಂದ ಕಾಳು. ನಾಕು ಊರಿಂದು ಕೂಡಿ ಇಷ್ಟಾಗ್ಯದ. ನಿಮ್ಮ ಜೋಡಿ ಬಂದ ಇಪ್ಪತ್ತು ಮಂದಿ ಜವಾನರು ಉಂಡ ಮ್ಯಾಲ ಏನಾರ ಉಳದ್ರ ನೀವೇ ಒಯ್ರಿ.

ಜವಾನರು ಹೊಟ್ಟೆ ಒಳಗೆಳೆದುಕೊಂಡರು.

ಸಾಹೇಬ: ಕಸದ ಬುಟ್ಟಿ ಎಲ್ಲಿ ಅವ, ಬಾಯಿ? ನಾನು ನಲವತ್ತು ಕೇಳಿದ್ದೆ.

ಹೀರಾಬಾಯಿ: ನಾವು ಇನ್ನೂರು ಇಟ್ಟೇವ್ರಿ. ಅಗೋ, ಸಾಲು ಹಿಡದು ನಿಂತಾವ ನೋಡ್ರಿ. ಬಾಲ ಅಲ್ಲಾಡಸಾಕತ್ತಾವ.

ಸಾಹೇಬರು ಆ ಕಡೆ ನೋಡಿದರು. ಇನ್ನೂರು ದನ ಶಾಂತವಾಗಿ ಮೆಲುಕು ಹಾಕುತ್ತಿದ್ದವು. ಒಂದು ಹೋರಿಯ ಬಾಯಂಚಿನಲ್ಲಿ ಉಂಡ ಎಲೆಯ ತುದಿ ಇನ್ನೂ ಕಾಣುತ್ತಿತ್ತು. ನೋಡನೋಡುತ್ತ ಅದೂ ಒಳಗೆ ಹೋಯಿತು.

ಹೀರಾಬಾಯಿ: ಇಪ್ಪತ್ತು ಹೆಜ್ಜಿ ನಡದು ಹೋಗಿ ಕಸ ಹಾಕೂ ಹಂಗಿಲ್ಲರಿ. ಕಸ ಬಿದ್ದಲ್ಲಿಗೇ ಬುಟ್ಟಿ ನಡದು ಬರತದ. ತುಂಬ್ಯಾವೋ ಇಲ್ಲೋ ಅಂತ ಹೊಟ್ಟಿ ಮುಟ್ಟಿ ತಪಾಸ ಮಾಡ್ರಿ. ಅವಕ್ಕ ಬಹುಮಾನ ಕೊಡಾಕ ನೀವೇ ಬಂದೀರಲ್ಲ.

ಸಾಹೇಬರು ನಕ್ಕರು. ಟೋಪಿಯ ಗೊಂಡೆ ಕುಣಿಯುವಷ್ಟು ನಕ್ಕರು. ಹೋರಿಯ ಹೊಟ್ಟೆ ತಟ್ಟಿ ನೋಡಿ ಮತ್ತೆ ನಕ್ಕರು. ಸಾಹೇಬರು ನಕ್ಕ ಮೇಲೆ ನಗಲು ಯಾರಿಗೂ ತೊಂದರೆ ಇರಲಿಲ್ಲ.

ಸಾಹೇಬ: ಶಾಬಾಶ್! ಪೂರಾ ಬಯಲಿನಾಗ ಒಂದು ಎಲಿ ಬಿದ್ದಿಲ್ಲ. ಗಿರದಾವರ, ಈ ಇಂತಜಾಮ ನಿಮ್ಮ ತಲ್ಯಾಗಿನ ಅಕಲಾ?

ಇಲ್ಲಿ ಜಹೀರುದ್ದೀನ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಒಬ್ಬ ಸಾಹೇಬರೂ ಅವನಿಗೆ ಶಾಬಾಶ್ ಅಂದಿರಲಿಲ್ಲ. ಎದೆ ತಾನಾಗಿ ಉಬ್ಬಿತು, ಬಾಯಿ ತಾನಾಗಿ ತೆರೆಯಿತು.

ಜಹೀರುದ್ದೀನ: ಜೀ ಹುಜೂರ್! ಎಲ್ಲಾ ನಂದೇ!

ಸಾಹೇಬ: ಬಹುತ್ ಖೂಬ್. ಆದಿಲಾಬಾದದ ತಾಲೂಕದಾರ ನನ್ನ ಷಡ್ಡಕ. ಹೋದ ವರ್ಷ ನಾನು ಒಬ್ಬ ನಾಲಾಯಕನ್ನ ಕಳಿಸಿ ಅವನ ಕಡಿಂದ ಬೈಸಿಕೊಂಡೆ. ಇನ್ನ ಮುಂದ ಅಕಲ್ ಇದ್ದವರನ್ನೇ ಕಳಸಬೇಕಂತ ಬರದಾನ. ನೀವು ನಾಳೇನೇ ಹೊರಡ್ರಿ. ಬಡತಿ ಕೊಡಸ್ತೇನಿ.

ಉಬ್ಬಿದ ಎದೆ ಹಾಗೆಯೇ ನಿಂತುಬಿಟ್ಟಿತು. ಜಹೀರುದ್ದೀನ ಸಾಹೇಬರನ್ನು ನೋಡಿದ, ಶಾಂತಲಿಂಗಪ್ಪನನ್ನು ನೋಡಿದ, ಕೊನೆಗೆ ಬಂಡಿಯ ಕಡೆಗೆ ನೋಡಿದ. ಆ ನೋಟ ಕಂಡು ಹೀರಾಬಾಯಿಯ ಕರುಳು ಚುರುಕ್ ಎಂದಿತು.

ಹೀರಾಬಾಯಿ: ಸಾಹೇಬ್ರ, ಸುಳ್ಳು ಹೇಳಾಕತ್ತಾರವರು. ಅವರದು ಏನೂ ಇಲ್ಲ. ಆ ಜ್ವಾಳದ ಬುಟ್ಟಿ ತಂದು ಕಸದ ಬುಟ್ಟಿ ಅಂತ ಇಟ್ಟಾಂವ ಈ ಮನುಷ್ಯಾನೇ! ಮುಂಜಾನಿಂದ ಒಂದು ಸಿಪ್ಪಿ ಕೊಡ್ರಿ, ಒಂದು ಎಲಿ ಕೊಡ್ರಿ ಅಂತ ಊರ ತುಂಬ ಬೇಡ್ಯಾರ. ಇಷ್ಟು ದೊಡ್ಡ ಬಯಲಿನಾಗ ಒಂದು ಹಿಡಿ ಕಸ ಹುಡುಕಾಕ ಆಗಲಿಲ್ಲ ಅವರ ಕೈಲೆ.

ಸಾಹೇಬ: ಗಿರದಾವರ! ಇದು ಖರೇನಾ?

ಜಹೀರುದ್ದೀನ: ಖರೆ ಹುಜೂರ್! ಪೂರಾ ಖರೆ! ಜೇಬು ನೋಡ್ರಿ ಹುಜೂರ್, ಸಿಪ್ಪಿ ಕೇಳಿದ್ರ ಶೇಂಗಾ ಕೊಟ್ಟಾರ!

ಶಾಂತಲಿಂಗಪ್ಪ: ಸಣ್ಣಾಂವ ಇದ್ದಾಗಿಂದ ಹಿಂಗೇ ಅದಾನ ಸಾಹೇಬ್ರ. ನಾಕನೇ ಇಯತ್ತೆಯಾಗ ಮೂರು ವರ್ಷ ಕುಂತಾನ. ಬೆಂಚು ಬದಲಾತು, ಇಂವ ಬದಲಾಗಲಿಲ್ಲ.

ಜಹೀರುದ್ದೀನ: ನಾಕು ವರ್ಷ ಹುಜೂರ್! ಅಂವ ಗೆಳೆಯ ಅಂತ ಒಂದು ವರ್ಷ ಕಡಿಮಿ ಹೇಳಾಕತ್ತಾನ!

ನಿಂಬೆವ್ವ: ಜ್ವಾಳ ಯಾವುದು ಕಸ ಯಾವುದು ಅಂತ ತಿಳಿಯಂಗಿಲ್ಲ ಸಾಹೇಬಾ ಈ ಹುಡುಗಗ. ನಾ ಸಾಕ್ಷಿ ಹೇಳ್ತೇನಿ. ಬೇಕಂದ್ರ ಹೆಬ್ಬೆಟ್ಟು ಒತ್ತತೇನಿ.

ಕಬ್ಬು ಕೊಟ್ಟ ರೈತ, ಹುಗ್ಗಿ ಬಡಿಸಿದವರು, ಬುಟ್ಟಿ ನೇಯ್ದ ಖಂಡಪ್ಪ, ಎಲ್ಲರೂ ಸಾಕ್ಷಿ ಹೇಳಲು ಮುಂದೆ ಬಂದರು. ಇಷ್ಟೊಂದು ಜನ ಒಬ್ಬನ ದಡ್ಡತನಕ್ಕೆ ಇಷ್ಟು ಪ್ರೀತಿಯಿಂದ ಸಾಕ್ಷಿ ಹೇಳಿದ್ದು ಆ ತಾಲೂಕಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಸಾಹೇಬರು ಎರಡೂ ಕೈ ಎತ್ತಿ ಸಾಕು ಎಂದರು. ಷಡ್ಡಕನ ಮುಖ ನೆನಪಾಗಿ ಒಂದು ಸಲ ಮೈ ಕೊಡವಿದರು. ಕಿಸೆಯಿಂದ ಪೆನ್ನು ತೆಗೆದು ಗಿರದಾವರನ ಜೇಬಿನಿಂದ ಇಣುಕುತ್ತಿದ್ದ ಹುಕುಮನ್ನು ಎಳೆದುಕೊಂಡು, ಅದರ ಬೆನ್ನ ಮೇಲೆ ಎರಡು ಸಾಲು ಗೀಚಿ ಅವನ ಕೈಗೆ ತುರುಕಿ, ಹೋರಿಗೆ ಬಹುಮಾನ ಕೊಡಲು ಹೊರಟುಹೋದರು.

ಜಹೀರುದ್ದೀನ ಆ ಎರಡು ಸಾಲನ್ನು ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ಹುಗ್ಗಿ ಹತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡ.

ಶಾಂತಲಿಂಗಪ್ಪ: ಏನು ಬರದಾರೋ? ಜೋರಲೆ ಓದು.

ಜಹೀರುದ್ದೀನ: ‘ನಾಲಾಯಕ. ಇದ್ದಲ್ಲೇ ಇರತಕ್ಕದ್ದು.’ ಕೆಳಗ ಸಹಿ ಅದ! ವೈನಿ, ಹತ್ತೊಂಬತ್ತು ವರ್ಷದ ನೌಕರಿಯಾಗ ಯಾವ ಸಾಹೇಬ್ರೂ ನನಗ ಇಂಥಾ ಛಲೋ ಮಾತು ಬರದಿದ್ದಿಲ್ಲ. ನಮ್ಮ ಅಮ್ಮಾಗ ಓದಿ ಹೇಳಬೇಕು!

ಹೀರಾಬಾಯಿ: ಅದು ತಿಳಿಯಾಕ ಸರಕಾರಕ್ಕ ಹತ್ತೊಂಬತ್ತು ವರ್ಷ ಬೇಕಾತೇನ್ರಿ? ನನಗ ಎರಡು ಸುತ್ತು ಚಹಾ ಸಾಕಾತು.